ಆಯಾ ಹುಲಗಮ್ಮನ ಕೇಸು

ಹುಲಗಮ್ಮನಿಗೆ ಓದಲು ಬರುತ್ತಿತ್ತು. ಆದದ್ದೆಲ್ಲ ಆ ಓದಿನಿಂದಲೇ ಆಯಿತೆಂದು ಅವಳ ಅತ್ತೆ ಕರಿಯವ್ವ ಸಾಯುವ ತನಕ ನಂಬಿದ್ದಳು.

ತಳಕಲ್ಲಿನ ಮಾದರ ಕೇರಿಯ ಮುದುಕಪ್ಪನ ಮಗಳು ಅವಳು. ಸಾಲಿ ಮಾಸ್ತರರೊಬ್ಬರು ಹಟ ಹಿಡಿದು ಓದಿಸಿದ್ದರಿಂದ ಏಳನೆಯ ತರಗತಿ ಪಾಸಾಗಿದ್ದಳು. ಆಮೇಲೆ ಕುಕನೂರಿನ ಆಚೆ ಒಂದು ದೊಡ್ಡ ಹಳ್ಳಿಗೆ ಮದುವೆಯಾಗಿ ಬಂದಳು. ಆ ಊರಿನ ಹೆಸರು ಇಲ್ಲಿ ಬೇಡ, ಇದರಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಗಂಡ ಕನಕಪ್ಪ ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಹೊರುತ್ತಿದ್ದ, ಮಾತು ಕಡಿಮೆ. ಅತ್ತೆ ಕರಿಯವ್ವನಿಗೆ ಊರಿನಲ್ಲಿ ಒಂದು ಕೆಲಸ ಗೊತ್ತು ಮಾಡಿಟ್ಟಿದ್ದರು. ದೊಡ್ಡ ಮನೆಗಳಲ್ಲಿ ಹೆರಿಗೆಯಾದರೆ ಅವಳಿಗೆ ಕರೆ ಬರುತ್ತಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಹೊಕ್ಕುಳಬಳ್ಳಿ ಕೊಯ್ದು, ಕಸವನ್ನೂ ರಕ್ತದ ಅರಿವೆಗಳನ್ನೂ ಒಡೆದ ಗಡಿಗೆಯಲ್ಲಿ ತುಂಬಿಕೊಂಡು, ತಿಪ್ಪೆಯ ಆಚೆ ಹೂತು ಬರಬೇಕು. ಅವಳು ದಾಟಿಹೋದ ಮೇಲೆ ನೆಲ ಸಾರಿಸಿ, ಕೂಸಿಗೆ ನೀರು ಹಾಕಿ, ಆಮೇಲೆಯೇ ಮನೆಯವರು ಕೂಸನ್ನು ಎತ್ತಿಕೊಳ್ಳುತ್ತಿದ್ದರು. ಊರಿನ ಅರ್ಧ ಗಂಡಸರನ್ನು ಮೊದಲು ಮುಟ್ಟಿದವಳು ಕರಿಯವ್ವ. ದಾರಿಯಲ್ಲಿ ಅವರು ಎದುರಾದರೆ ಸರಿದು ನಿಲ್ಲುತ್ತಿದ್ದವಳೂ ಅವಳೇ.

"ಈ ಕೆಲಸ ನಾ ಮಾಡಂಗಿಲ್ಲ" ಎಂದು ಹುಲಗಮ್ಮ ಮದುವೆಯಾದ ವರ್ಷವೇ ಹೇಳಿದ್ದಳು. ಕರಿಯವ್ವ ನಕ್ಕಿದ್ದಳು. "ನೋಡೂಣ" ಎಂದಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಊರಿನ ಸರಕಾರಿ ದವಾಖಾನೆಗೆ ಇಬ್ಬರು ಆಯಾಗಳ ಹುದ್ದೆ ಮಂಜೂರಾಯಿತು. ಹುಲಗಮ್ಮ ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು. ಇನ್ನೊಬ್ಬಾಕೆ ಪಾರ್ವತೆಮ್ಮ. ಲಿಂಗಾಯತರ ಮನೆಯ ವಿಧವೆ, ಹುಲಗಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಒಬ್ಬ ಮಗಳ ತಾಯಿ. ಇಬ್ಬರ ಆರ್ಡರೂ ಒಂದೇ ದಿನದ ಟಪಾಲಿನಲ್ಲಿ ಬಂದವು. ಪಾರ್ವತೆಮ್ಮನಿಗೆ ಓದು ಬರುತ್ತಿರಲಿಲ್ಲ. ಹುಲಗಮ್ಮನೇ ಎರಡನ್ನೂ ಓದಿ ಹೇಳಿದಳು. ಹೆರಿಗೆ ಕೋಣೆಯಲ್ಲಿ ನರ್ಸಿಗೆ ನೆರವಾಗುವುದು, ಬಿಸಿನೀರು ಕಾಯಿಸುವುದು, ಬಾಣಂತಿ ಮತ್ತು ಶಿಶುವಿನ ಆರೈಕೆ. ಹೆಸರು ಬಿಟ್ಟರೆ ಎರಡು ಕಾಗದಗಳಲ್ಲಿ ಒಂದಕ್ಷರವೂ ಬೇರೆ ಇರಲಿಲ್ಲ.

ಕೆಲಸಕ್ಕೆ ಹಾಜರಾದ ದಿನ ನರ್ಸ್ ಕಸ್ತೂರೆಮ್ಮ ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ನೋಡಿದರು. ಆ ದವಾಖಾನೆಗೆ ಡಾಕ್ಟರರು ವರ್ಷಕ್ಕೊಬ್ಬರು ಬರುತ್ತಿದ್ದರು, ಹೋಗುತ್ತಿದ್ದರು. ನಡೆಸುತ್ತಿದ್ದವರು ಕಸ್ತೂರೆಮ್ಮ. ಕೈ ಒಳ್ಳೆಯದು, ಅಡ್ಡ ಬಿದ್ದ ಕೂಸನ್ನೂ ತಿರುಗಿಸಿ ತೆಗೆದವರು ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಿತ್ತು.

"ಪಾರ್ವತೆಮ್ಮ, ನೀ ಒಳಗ ಬಾ" ಎಂದರು. ಹುಲಗಮ್ಮನಿಗೆ ಗೋಡೆಗೆ ಒರಗಿಸಿಟ್ಟಿದ್ದ ಕಸಬರಿಗೆಯನ್ನು ತೋರಿಸಿದರು. "ನೀ ಹಿಂದಿನ ಕಡಿ ನೋಡ್ಕೋ."

ಹಿಂದಿನ ಕಡೆ ಎಂದರೆ ಪಾಯಖಾನೆ, ಕೊಳೆ ಅರಿವೆಯ ಬುಟ್ಟಿ, ಹೆರಿಗೆಯ ಕಸ ಹೂಳುವ ಗುಂಡಿ. ಮೊದಮೊದಲು ಹುಲಗಮ್ಮ ಇದು ನಾಲ್ಕು ದಿನದ ಮಾತು ಎಂದುಕೊಂಡಳು. ನಾಲ್ಕು ದಿನ ನಾಲ್ಕು ವರ್ಷವಾಯಿತು. ಕುಡಿಯುವ ನೀರಿನ ಹಂಡೆಗೆ ಅವಳ ಕೈ ಸೋಕಬಾರದು, ಪಾರ್ವತೆಮ್ಮ ಎತ್ತಿ ಹಾಕಿದರೆ ಕುಡಿಯಬೇಕು. ಪಾರ್ವತೆಮ್ಮ ಮೇಲಿನಿಂದ ನೀರು ಹಾಕುವಾಗ ಬೇರೆ ಕಡೆ ನೋಡುತ್ತಿದ್ದಳು. ಆದರೂ ಇಬ್ಬರೂ ಮಧ್ಯಾಹ್ನ ಬೇವಿನ ಮರದ ಕೆಳಗೆ ಮಾರು ದೂರ ಬಿಟ್ಟು ಕುಳಿತು ಬುತ್ತಿ ಬಿಚ್ಚುತ್ತಿದ್ದರು, ಮಕ್ಕಳ ಮಾತು, ಮನೆಯ ಮಾತು ಆಡುತ್ತಿದ್ದರು. ಪಾರ್ವತೆಮ್ಮನ ಮಗಳಿಗೆ ಸಾಲಿಯಿಂದ ಬಂದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳು ಹುಲಗಮ್ಮ.

ಅತ್ತೆ ಮಾತ್ರ ಒಂದು ಸಲ ಕೇಳಿದಳು. "ಅಲ್ಲೇನ ಮಾಡ್ತಿಯವ್ವಾ ದವಾಖಾನ್ಯಾಗ?" ಹುಲಗಮ್ಮ ಹೇಳಿದಳು. "ಹಂಗಾರ ನಾ ಮಾಡೂ ಕೆಲಸಕ್ಕ ಪಗಾರ ಬಂತು ಅನ್ನಾದಷ್ಟ" ಎಂದಳು ಕರಿಯವ್ವ.

ಎಂಬತ್ತನೆಯ ಇಸವಿಯ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆ ಊರಿನ ದೊಡ್ಡ ಮನೆತನದ ಸೊಸೆಯನ್ನು ಹೆರಿಗೆಗೆ ಕರೆತಂದರು. ಜೊತೆಗೆ ಅತ್ತೆ ವಿರೂಪಾಕ್ಷಮ್ಮ. ಚೊಚ್ಚಲ ಹೆರಿಗೆ, ಇನ್ನೂ ತಡ ಇದೆ ಎಂದು ಕಸ್ತೂರೆಮ್ಮ ಚೀಟಿ ಬರೆಯಲು ಆಚೆ ಕೋಣೆಗೆ ಹೋಗಿದ್ದರು. ಪಾರ್ವತೆಮ್ಮ ಹಿಂದೆ ನೀರಿನ ಒಲೆ ಊದುತ್ತಿದ್ದಳು. ವಿರೂಪಾಕ್ಷಮ್ಮ ಹೊರಗೆ ಗಂಡಸರ ಜೊತೆ ಮಾತಾಡುತ್ತಿದ್ದರು. ಹೆರಿಗೆ ಕೋಣೆಯ ಬಾಗಿಲ ಮುಂದೆ ನೆಲ ಒರೆಸುತ್ತಿದ್ದ ಹುಲಗಮ್ಮನಿಗೆ ಆ ಹುಡುಗಿಯ ಕೂಗು ಬೇರೆ ಥರ ಕೇಳಿಸಿತು.

ಒಳಗೆ ಹೋದಳು. ತಲೆ ಹೊರಗೆ ಬಂದಿತ್ತು, ಕೊರಳಿಗೆ ಬಳ್ಳಿ ಸುತ್ತಿಕೊಂಡಿತ್ತು. ಮುಖ ನೀಲಿ. ಹುಲಗಮ್ಮ ಕೂಗಲಿಲ್ಲ, ಯೋಚಿಸಲೂ ಇಲ್ಲ. ನಾಲ್ಕು ವರ್ಷ ಬಾಗಿಲಾಚೆಯಿಂದ ಕೇಳಿದ್ದು, ಕಿಟಕಿಯಿಂದ ಕಂಡದ್ದು, ಅತ್ತೆ ಬಾಯಿಂದ ತಿಳಿದದ್ದು ಎಲ್ಲ ಅವಳ ಕೈಯಲ್ಲಿತ್ತು. ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿದಳು, ಕೂಸನ್ನು ಹಿಡಿದಳು, ಬಾಯೊಳಗಿನದನ್ನು ಬೆರಳಿನಿಂದ ತೆಗೆದಳು. ಕಸ್ತೂರೆಮ್ಮ ಓಡಿ ಬಂದಾಗ ಗಂಡು ಕೂಸು ಅವಳ ಕೈಯಲ್ಲಿ ಅಳುತ್ತಿತ್ತು.

ಕಸ್ತೂರೆಮ್ಮ ಕೂಸನ್ನು ತೆಗೆದುಕೊಂಡು ಮುಂದಿನ ಕೆಲಸ ನೋಡಿದರು. ಆದರೆ ಬಾಗಿಲಲ್ಲಿ ವಿರೂಪಾಕ್ಷಮ್ಮ ನಿಂತಿದ್ದರು.

"ಯಾರು ಹಿಡದ್ರಿ ಕೂಸನ್ನ?"

ಹುಲಗಮ್ಮನ ಮೊಣಕೈತನಕ ರಕ್ತವಿತ್ತು.

ಆ ಮಧ್ಯಾಹ್ನವೇ ಮನೆಯಿಂದ ಗೋಮೂತ್ರ ತರಿಸಿ ಕೂಸಿಗೂ ತಾಯಿಗೂ ಚಿಮುಕಿಸಿದರು. ಊರಿನ ನಾಲ್ಕು ಜನ ಹಿರಿಯರು ಬಂದು ಡಾಕ್ಟರರ ಮುಂದೆ ಕುಳಿತು ಹೋದರು. ಮಾರನೆಯ ದಿನ ಹುಲಗಮ್ಮನಿಗೆ ಒಂದು ಮೆಮೊ ಕೈಗೆ ಬಂತು. ಅನುಮತಿ ಇಲ್ಲದೆ ಹೆರಿಗೆ ಕೋಣೆ ಪ್ರವೇಶಿಸಿದ್ದೀರಿ, ಶುಚಿತ್ವದ ನಿಯಮ ಮೀರಿದ್ದೀರಿ, ಮೂರು ದಿನದೊಳಗೆ ಉತ್ತರಿಸತಕ್ಕದ್ದು.

ಅದನ್ನು ಹಿಡಿದು ಅವಳು ಕಸ್ತೂರೆಮ್ಮನ ಮುಂದೆ ನಿಂತಳು. "ಬಾಯಾರ, ಆಯಾ ಆದಾಕಿ ಹೆರಿಗಿ ಕೋಣ್ಯಾಗ ಹೋಗದ ಇನ್ನೆಲ್ಲಿ ಹೋಗಬೇಕ್ರಿ?"

"ನೀ ಹೆಸರಿಗಷ್ಟ ಆಯಾ" ಎಂದರು ಕಸ್ತೂರೆಮ್ಮ. ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ನಿಮ್ಮ ಜಾತ್ಯಾಕಿ ಕೈ ಹಚ್ಚತಾಳ ಅಂತ ಗೊತ್ತಾದ್ರ ಈ ಊರಾಗ ಯಾರ ಬರ್ತಾರ ದವಾಖಾನಿಗೆ? ಮನ್ಯಾಗ ಹಡದು ಸಾಯ್ತಾರ. ನಾ ದವಾಖಾನಿ ನಡಸಬೇಕೋ, ನಿನ್ನ ಆರ್ಡರ್ ನೋಡ್ಕೋಂತ ಕುಂದ್ರಬೇಕೋ?"

ಈ ಮಾತು ಆಡುವಾಗ ಅಲ್ಲಿ ಇನ್ನಿಬ್ಬರಿದ್ದರು. ಬಾಗಿಲಲ್ಲಿ ಬಿಸಿನೀರಿನ ಬೋಗುಣಿ ಹಿಡಿದ ಪಾರ್ವತೆಮ್ಮ, ಅಂಗಳದಲ್ಲಿ ಕಾವಲುಗಾರ ದಾದೇಸಾಬ.

ಆ ಸಂಜೆ ಹುಲಗಮ್ಮ ಗೇಟು ದಾಟುವಾಗ ದಾದೇಸಾಬ ಮೆಲ್ಲಗೆ ಕರೆದ. "ತಂಗೀ, ಕೊಪ್ಪಳದಾಗ ಅಂದಪ್ಪ ವಕೀಲರು ಅಂತ ಅದಾರ. ನಮ್ಮ ತಮ್ಮಂದು ಜಮೀನಿನ ದಾವಾ ಅವರ ನಡಸಿದ್ರು. ಮನಸ್ಯಾ ಛಲೋ. ಒಮ್ಮಿ ಕೇಳಿ ನೋಡು."

ಅಂದಪ್ಪ ವಕೀಲರು ಕಾಳುಕಡಿ ವ್ಯಾಪಾರದ ಮನೆತನದವರು, ಮೂವತ್ತು ದಾಟಿರಲಿಲ್ಲ. ಹುಲಗಮ್ಮ ಅವರ ಆಫೀಸಿನ ಹೊಸ್ತಿಲ ಹೊರಗೇ ಕುಳಿತಳು. "ಒಳಗ ಬರ್ರಿ ಹುಲಗಮ್ಮಾರ, ಕುರ್ಚಿ ಮ್ಯಾಲೆ ಕುಂದ್ರರಿ" ಎಂದರು ಅವರು. ಅಷ್ಟು ದೊಡ್ಡ ಮನುಷ್ಯರೊಬ್ಬರು ತನ್ನನ್ನು ಬಹುವಚನದಲ್ಲಿ ಕರೆದದ್ದು ಅವಳಿಗೆ ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕುಳಿತು ಎಲ್ಲ ಹೇಳಿದಳು. ಆರ್ಡರು, ಮೆಮೊ ಎರಡನ್ನೂ ಮುಂದಿಟ್ಟಳು.

ವಕೀಲರು ಎದ್ದು ಒಂದು ತೆಳ್ಳನೆಯ ಪುಸ್ತಕ ತೆಗೆದರು. ಇಂಗ್ಲಿಷಿನಲ್ಲಿದ್ದದ್ದನ್ನು ಬೆರಳಿಟ್ಟು ನಿಧಾನಕ್ಕೆ ಕನ್ನಡದಲ್ಲಿ ಹೇಳಿದರು. "ಅಸ್ಪೃಶ್ಯತಾದ ಕಾನೂನು ಇದು. ನಾಕು ವರ್ಷದ ಹಿಂದ ಹೊಸಾದು ಸೇರಿಸ್ಯಾರ. ಜಾತಿ ಕಾರಣಕ್ಕ ಒಬ್ಬರ ಕಡಿಂದ ಒತ್ತಾಯದಲೆ ಕಸ ಹೊಡಸೋದು, ಪಾಯಖಾನಿ ತೊಳಸೋದು, ಸತ್ತ ದನ ಎಳಸೋದು, ಹೊಕ್ಕುಳಬಳ್ಳಿ ತಗಸೋದು, ಇಂಥಾದ್ದು ಯಾವುದ ಮಾಡಿಸಿದ್ರೂ ಅಪರಾಧ."

"ಇನ್ನೊಮ್ಮಿ ಹೇಳ್ರಿ" ಎಂದಳು ಹುಲಗಮ್ಮ. "ಆ ಬಳ್ಳಿದು."

ಅವರು ಮತ್ತೆ ಹೇಳಿದರು. ಹುಲಗಮ್ಮ ಮೇಜಿನ ಮೇಲಿನ ಆ ಪುಸ್ತಕವನ್ನೇ ನೋಡಿದಳು. ದಿಲ್ಲಿಯಲ್ಲಿ ಕುಳಿತ ಯಾರಿಗೋ ಅವಳ ಅತ್ತೆಯ ಒಡೆದ ಗಡಿಗೆ, ತಿಪ್ಪೆಯ ಆಚೆಯ ಗುಂಡಿ ಹೇಗೆ ಗೊತ್ತಾಯಿತು? ಹಾಗೆ ಗೊತ್ತಿದ್ದು, ಬರೆದೂ ಇಟ್ಟಿದ್ದಾರೆಂದರೆ ಇನ್ನೇನು ಬೇಕು ಎನ್ನಿಸಿತು. ಅವಳ ಇಡೀ ಬದುಕಿನಲ್ಲಿ ಅಷ್ಟು ಹಗುರಾಗಿ ಮನೆಗೆ ಹೋದ ದಿನ ಇನ್ನೊಂದಿರಲಿಲ್ಲ. ಮೆಮೊಗೆ ಉತ್ತರವನ್ನು ವಕೀಲರೇ ಬರೆದುಕೊಟ್ಟರು, ಫೀಜಿನ ಮಾತನ್ನು ಎತ್ತಲೂ ಇಲ್ಲ.

ಠಾಣೆಯಲ್ಲಿ ಫಿರ್ಯಾದಿ ಕೊಡಬೇಕಿತ್ತು. ಬೆಳಿಗ್ಗೆ ಹೋದವಳನ್ನು ಮೂರು ಗಂಟೆಯ ತನಕ ಕಟ್ಟೆಯ ಮೇಲೆ ಕೂಡಿಸಿದರು. ಫೌಜದಾರ ಸಾಹೇಬರು ಕಾಗದ ಓದಿ ನಕ್ಕರು. "ಅಲ್ಲವಾ, ನಿನ್ನ ಹೊಡದಾರೇನು? ಬಡದಾರೇನು? ಗೌರ್ಮೆಂಟ ನೌಕರಿ ಐತಿ. ಕಸಾ ಹೊಡಿ ಅಂದ್ರ ಅದೂ ಕೇಸ? ಹಂಗಾರ ದೇಶದಾಗ ಅರ್ಧಾ ಮಂದಿನ್ನ ಜೇಲಿಗೆ ಹಾಕಬೇಕಾಗತೈತಿ ನಾವು." ಫಿರ್ಯಾದಿ ದಾಖಲಾಗಲಿಲ್ಲ. ಅಂದಪ್ಪ ವಕೀಲರು ನೇರವಾಗಿ ಕೊಪ್ಪಳದ ಕೋರ್ಟಿನಲ್ಲಿ ಖಾಸಗಿ ಫಿರ್ಯಾದಿ ಹಾಕಿದರು. ಆರು ತಿಂಗಳಿಗೆ ಕಸ್ತೂರೆಮ್ಮನಿಗೆ ಸಮನ್ಸು ಬಂತು.

ಆ ದಿನದಿಂದ ಊರು ಬೇರೆಯಾಯಿತು. ಯಾರೂ ಅವಳ ಮೇಲೆ ಕೈ ಮಾಡಲಿಲ್ಲ, ಬಾಯಿ ಮಾಡಲೂ ಇಲ್ಲ. ಸುಗ್ಗಿಗೆ ಕೇರಿಯ ಆಳುಗಳನ್ನು ಕರೆಯುವುದನ್ನು ಬಿಟ್ಟರು, ಅಷ್ಟೆ. ಬೇರೆ ಹಳ್ಳಿಯ ಮಂದಿ ಜೋಳ ಕೊಯ್ದು ಹೋದರು. ಕೇರಿಯ ಹೆಂಗಸರು ಹುಲಗಮ್ಮನ ಬಾಗಿಲಿಗೆ ಬಂದರು. ಅವರಲ್ಲಿ ಮುದಕಮ್ಮ ಎಂಬ ಹಿರಿಯಳು ಹೇಳಿದಳು, "ನಿನಗ ತಿಂಗಳಾ ತಿಂಗಳಾ ಪಗಾರ ಬರತೈತಿ ಯವ್ವಾ. ನಮಗ ಅವರ ಹೊಲ ಬಿಟ್ರ ಏನೈತಿ? ನೀನ ಹೇಳು."

ಆ ಹೆಂಗಸರ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ.

"ಬಿಟ್ಟಬಿಡು" ಎಂದಳು ಕರಿಯವ್ವ. "ನಾ ಮಾಡ್ಲಿಲ್ಲೇನು ನಲವತ್ತು ವರ್ಷ? ಸತ್ತೇನೇನು?"

ಕನಕಪ್ಪ ಮಾತ್ರ, "ಒಮ್ಮಿ ಹೋಗ್ಯಾಳ, ಹೋಗ್ಲಿ ಬಿಡು" ಎಂದ. ಆಮೇಲೆ ಕೋರ್ಟಿನ ತಾರೀಖಿನ ದಿನ ಬಸ್ಸಿನ ತನಕ ಬಂದು ನಿಲ್ಲುತ್ತಿದ್ದ.

ಆ ತಾರೀಖುಗಳಿಗೆ ಕೊನೆಯೇ ಇರಲಿಲ್ಲ. ನ್ಯಾಯಾಧೀಶ ಸಾಹೇಬರು ರಜೆ, ಸಾಹೇಬರ ವರ್ಗ, ಹೊಸ ಸಾಹೇಬರು ಇನ್ನೂ ಬಂದಿಲ್ಲ, ಎದುರು ವಕೀಲರಿಗೆ ಆರಾಮಿಲ್ಲ. ಪ್ರತಿ ಸಲ ಅವಳು ಬೆಳಗಿನ ಬಸ್ಸಿಗೆ ಹೊರಟು ಕೋರ್ಟಿನ ಹುಣಸೆ ಮರದ ಕೆಳಗೆ ಕುಳಿತು ಸಂಜೆಗೆ ಹಿಂದಿರುಗುತ್ತಿದ್ದಳು. ಬಸ್ಸು ತಳಕಲ್ಲಿನ ಮೇಲೆಯೇ ಹೋಗುತ್ತಿತ್ತು. ಮೊದಲ ವರ್ಷ ತವರಿನವರು ನಿಲ್ದಾಣಕ್ಕೆ ಬಂದು ಕಿಟಕಿಯಲ್ಲಿ ಏನಾಯಿತೆಂದು ಕೇಳುತ್ತಿದ್ದರು. ಎರಡನೆಯ ವರ್ಷ ಕೇಳುವುದನ್ನು ಬಿಟ್ಟರು. ದವಾಖಾನೆಯಲ್ಲಿ ಅವಳು ಕೇಳಿದ ರಜೆಯ ಅರ್ಜಿಗಳೆಲ್ಲ ತಿರಸ್ಕಾರವಾಗಿ, ಸರ್ವೀಸ್ ಪುಸ್ತಕದಲ್ಲಿ ಅಷ್ಟು ದಿನಗಳಿಗೂ ಕೆಂಪು ಶಾಯಿಯಲ್ಲಿ ಗೈರುಹಾಜರಿ ಬಿತ್ತು. ಹಿಂದಿನ ಕಡೆಯ ಕೆಲಸ ಹಾಗೆಯೇ ನಡೆದಿತ್ತು. ಕಸ್ತೂರೆಮ್ಮ ಅವಳ ಜೊತೆ ಮಾತು ಬಿಟ್ಟಿದ್ದರು. ಏನು ಹೇಳುವುದಿದ್ದರೂ ಪಾರ್ವತೆಮ್ಮನ ಮೂಲಕ.

ಪಾರ್ವತೆಮ್ಮನೇ ಮುಖ್ಯ ಸಾಕ್ಷಿ. "ಆಕಿ ನಿಮ್ಮ ಜೊತೀಗೆ ಅದ ಆರ್ಡರಿನ ಮ್ಯಾಲೆ ಬಂದಾಕಿ, ಮ್ಯಾಲಾಗಿ ಊರ ದೊಡ್ಡವರ ಜಾತ್ಯಾಕಿ" ಎಂದಿದ್ದರು ವಕೀಲರು. "ಆಕಿ ಖರೆ ಹೇಳಿದ್ರ ಯಾರೂ ಏನೂ ಮಾಡಂಗಿಲ್ಲ." ಹುಲಗಮ್ಮ ಬೇವಿನ ಮರದ ಕೆಳಗೆ ಕೇಳಿದಾಗ ಪಾರ್ವತೆಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹೇಳ್ತೀನಿ ಬಿಡು" ಎಂದಳು. "ಕಣ್ಣಿಲೆ ಕಂಡದ್ದು, ಕಿವಿಲೆ ಕೇಳಿದ್ದು. ಇಲ್ಲ ಅಂತ ಹೆಂಗ ಅನ್ನಲಿ?"

ಸಾಕ್ಷಿಗಳ ವಿಚಾರಣೆ ಬಂದದ್ದು ಎಂಬತ್ತಮೂರರ ಬೇಸಿಗೆಯಲ್ಲಿ. ಮೊದಲು ದಾದೇಸಾಬ ನಿಂತ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಎದುರು ವಕೀಲರು ಎದ್ದು, ಉಳಿದವರಿಗೆಲ್ಲ ಕೇಳಿಸುವ ಹಾಗೆ, ಆದರೆ ಮೆಲ್ಲಗೆ, ಏನೋ ಪ್ರಶ್ನೆ ಹಾಕಿದರು. ದಾದೇಸಾಬನಿಗೆ ಕೇಳಲಿಲ್ಲ. "ಏನಂದ್ರಿ?" ಎಂದ. ಇನ್ನೊಮ್ಮೆ ಕೇಳಿದರು. "ಜೋರಾಗಿ ಹೇಳ್ರಿ ಸಾಹೇಬ್ರ, ಎಡಗಿವಿ ಮಂದ ಐತಿ ನಂದು." ವಕೀಲರು ಸಾಹೇಬರ ಕಡೆ ತಿರುಗಿ ನಕ್ಕು ಕುಳಿತರು. ಬಲಗಿವಿ ಚೆನ್ನಾಗಿದೆ ಎಂದು ದಾದೇಸಾಬ ಹೇಳುತ್ತಲೇ ಇದ್ದ, ಅಷ್ಟರಲ್ಲಿ ಜವಾನ ಅವನನ್ನು ಕೆಳಗಿಳಿಸಿದ.

ಆಮೇಲೆ ಪಾರ್ವತೆಮ್ಮ. ತಲೆಯ ತುಂಬ ಸೆರಗು ಹೊದ್ದು ಕಟಕಟೆಯಲ್ಲಿ ನಿಂತಳು. ಅಂದಪ್ಪ ವಕೀಲರು ಕೇಳಿದರು, "ದವಾಖಾನ್ಯಾಗ ಪಾಯಖಾನಿ ಯಾರು ತೊಳೀತಾರ?"

"ಇಬ್ರೂ ಎಲ್ಲಾ ಮಾಡ್ತೀವ್ರಿ."

"ನೀವು ತೊಳೀತೀರೇನು?"

"ಯಾಳ್ಯಾ ಬಿದ್ರ ತೊಳೀತೀನ್ರಿ."

"ನಿಮ್ಮ ಜಾತ್ಯಾಕಿ ಕೈ ಹಚ್ಚಬಾರದು ಅಂತ ನರ್ಸಬಾಯಾರು ಹುಲಗಮ್ಮಗ ಅಂದದ್ದು ಕೇಳೀರೋ ಇಲ್ಲೋ?"

ಪಾರ್ವತೆಮ್ಮ ನೆಲ ನೋಡುತ್ತ ಹೇಳಿದಳು, "ನಾ ಏನೂ ಕೇಳಿಲ್ರಿ. ನಾ ಒಲಿ ಮುಂದ ಇದ್ದೆ."

ಹುಲಗಮ್ಮ ಗೋಡೆಗೆ ಆತು ಕುಳಿತಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲ. ಪಾರ್ವತೆಮ್ಮ ಕಟಕಟೆ ಇಳಿದು ಹೋಗುವ ತನಕ ಅವಳ ಸೆರಗಿನ ಅಂಚನ್ನೇ ನೋಡಿದಳು.

ಊರಿಗೆ ಹೋಗುವ ಬಸ್ಸು ದಿನಕ್ಕೆ ಎರಡೇ. ಸಂಜೆಯ ಬಸ್ಸಿಗೆ ಇಬ್ಬರೂ ಒಂದೇ ನಿಲ್ದಾಣದಲ್ಲಿ ಕಾಯಬೇಕಾಯಿತು, ಒಂದೇ ಬಸ್ಸು ಹತ್ತಬೇಕಾಯಿತು. ಖಾಲಿ ಇದ್ದದ್ದು ಹುಲಗಮ್ಮನ ಪಕ್ಕದ ಜಾಗ ಒಂದೇ. ಪಾರ್ವತೆಮ್ಮ ಕಂಬ ಹಿಡಿದು ನಿಂತೇ ಇದ್ದಳು. ಊರ ರಸ್ತೆ ಬಂದು ಬಸ್ಸು ಕುಲುಕಾಡತೊಡಗಿದಾಗ ಹುಲಗಮ್ಮ ಸ್ವಲ್ಪ ಸರಿದಳು. ಪಾರ್ವತೆಮ್ಮ ಕುಳಿತಳು. ಅವರಿಬ್ಬರ ಮೈ ತಾಗಿದ್ದು ಏಳು ವರ್ಷದಲ್ಲಿ ಅದೇ ಮೊದಲು.

"ನಮ್ಮ ಮೈದುನಗೋಳು ಬಂದು ಹೇಳಿ ಹೋದ್ರು" ಎಂದಳು ಪಾರ್ವತೆಮ್ಮ, ಮುಂದೆ ನೋಡುತ್ತಲೇ. "ನಿನ್ನ ಮಗಳಿಗೆ ಗಂಡು ಬರದಂಗ ಮಾಡ್ತೀವಿ ಅಂದ್ರು. ಮದುವಿ ಮಾತು ನಡದೈತಿ. ನಾ ಏನ್ಮಾಡ್ಲಿ ಹುಲಗಮ್ಮ?"

ಪಾರ್ವತೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಊರು ಬರುವ ತನಕ ಅತ್ತಳು. ಹಿಂದೆ ಮುಂದೆ ಕುಳಿತವರು, ಯಾರೋ ತೀರಿಕೊಂಡಿರಬೇಕು ಎಂದುಕೊಂಡರು.

ತೀರ್ಪು ಬಂದದ್ದು ಎಂಬತ್ತೈದರ ಜನವರಿಯಲ್ಲಿ. ಇಬ್ಬರು ನೌಕರರ ಹುದ್ದೆ ಒಂದೇ ಆಗಿದ್ದು ಅವರಲ್ಲಿ ಕೆಲಸ ಹಂಚುವುದು ಮೇಲಿನವರ ಆಡಳಿತದ ವಿಷಯ, ಜಾತಿಯ ಕಾರಣದಿಂದಲೇ ಹಂಚಿದರೆಂಬುದಕ್ಕೆ ನಂಬತಕ್ಕ ಸಾಕ್ಷ್ಯವಿಲ್ಲ, ಸಂಶಯದ ಲಾಭ ಆರೋಪಿಗೆ. ಕಸ್ತೂರೆಮ್ಮ ಖುಲಾಸೆಯಾದರು. ಹೊರಗೆ ಊರಿನವರು ಅವರಿಗೆ ಹಾರ ಹಾಕಲು ಹೋದಾಗ ಅವರು ಬೇಡವೆಂದು ಕೈ ಅಡ್ಡ ಹಿಡಿದರು, ಬೇಗ ಬೇಗ ಹೋಗಿ ಜೀಪಿನಲ್ಲಿ ಕುಳಿತರು.

ಅಂದಪ್ಪ ವಕೀಲರ ಮುಖ ಬಾಡಿತ್ತು. ಆಫೀಸಿನಲ್ಲಿ ಚಹಾ ತರಿಸಿದರು. "ಇನ್ನ ಮ್ಯಾಲೆ ಹೋಗಬೇಕಂದ್ರ ಬೆಂಗಳೂರಿನ ಹೈಕೋರ್ಟ್. ಅಲ್ಲಿ ಮೊದಲ ಪರವಾನಿಗಿ ತಗೋಬೇಕು. ಬ್ಯಾರೆ ವಕೀಲರು ಬೇಕು. ನಾ ಚೀಟಿ ಕೊಡ್ತೀನಿ. ಆದ್ರ ಸುಳ್ಳ ಯಾಕ ಹೇಳಲಿ, ಈ ಸಾಕ್ಷಿ ಇಟ್ಕೊಂಡು ಅಲ್ಲೂ ಕಷ್ಟ."

ಹುಲಗಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಅಲ್ಲಿ ಗೆದ್ರ, ನನ್ನ ಹೆರಿಗಿ ಕೋಣ್ಯಾಗ ಹಾಕ್ತಾರೇನ್ರಿ?"

ವಕೀಲರು ಅವಳನ್ನೇ ನೋಡಿದರು. "ಇಲ್ಲ ಹುಲಗಮ್ಮಾರ. ಈ ಕೇಸು ಅದಕ್ಕಲ್ಲ. ತಪ್ಪು ಮಾಡಿದವರಿಗೆ ಶಿಕ್ಷಾ ಕೊಡೋದಷ್ಟ ಇದು. ನಿಮ್ಮ ಕೆಲಸದ ಮಾತು ಇದರಾಗ ಬರಂಗಿಲ್ಲ. ಅದು ಬ್ಯಾರೆ ದಾವಾ, ಬ್ಯಾರೆ ಅರ್ಜಿ." ಚಹಾದ ಲೋಟ ಬದಿಗಿಟ್ಟು, "ನಾ ಮೊದಲ ಹೇಳಿದ್ದೆನಲ್ಲ?" ಎಂದರು.

ಹೇಳಿರಬಹುದು. ಅವಳು ಕೇಳಿಸಿಕೊಂಡಿರಲಿಲ್ಲ. ನಾಲ್ಕೂವರೆ ವರ್ಷ ಆ ಹುಣಸೆ ಮರದ ಕೆಳಗೆ ಅವಳು ಕಾದದ್ದು ಕಸ್ತೂರೆಮ್ಮ ಜೇಲಿಗೆ ಹೋಗಲಿ ಎಂದಲ್ಲ. ಒಂದು ದಿನ ಕಪ್ಪು ಕೋಟಿನ ಸಾಹೇಬರು ತನ್ನ ಆರ್ಡರನ್ನು ಜೋರಾಗಿ ಓದಿ, ಇವಳು ಆಯಾ, ಇವಳನ್ನು ಒಳಗೆ ಕರೆದುಕೊಳ್ಳಿ ಎನ್ನುತ್ತಾರೆಂದು ಕಾದಿದ್ದಳು. ಗೆದ್ದಿದ್ದರೂ ಆ ಮಾತು ಬರುತ್ತಿರಲಿಲ್ಲ. ಗೆದ್ದವಳೇ ಮಾರನೆಯ ಬೆಳಿಗ್ಗೆ ಬುಟ್ಟಿ ಹೊತ್ತು ಗುಂಡಿಗೆ ಹೋಗಬೇಕಿತ್ತು.

"ಹೈಕೋರ್ಟ್ ಬ್ಯಾಡ್ರಿ" ಎಂದಳು. ಲೋಟ ತೊಳೆದಿಡಲು ಎದ್ದಳು. ವಕೀಲರು "ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ" ಎನ್ನುತ್ತಿದ್ದರೂ ಹೊರಗಿನ ನಳದಲ್ಲಿ ತೊಳೆದು ತಂದಿಟ್ಟಳು.

ಆ ವರ್ಷವೇ ದಾದೇಸಾಬನನ್ನು ಕುಷ್ಟಗಿಯ ಕಡೆ ಹಾಕಿದರು. ಮಳೆಗಾಲದಲ್ಲಿ ಕರಿಯವ್ವ ತೀರಿಕೊಂಡಳು. ಪಾರ್ವತೆಮ್ಮನ ಮಗಳ ಮದುವೆ ಸುಸೂತ್ರವಾಗಿ ಆಯಿತು. ಹುಲಗಮ್ಮನಿಗೆ ಲಗ್ನಪತ್ರಿಕೆ ಬರಲಿಲ್ಲ, ಆದರೆ ಮದುವೆಯ ಮಾರನೆಯ ದಿನ ಬೇವಿನ ಮರದ ಕೆಳಗೆ ಅವಳ ಜಾಗದಲ್ಲಿ ಎಲೆಯಲ್ಲಿ ಕಟ್ಟಿದ ನಾಲ್ಕು ಬೂಂದಿ ಉಂಡೆ ಇದ್ದವು. ಅವಳು ಅವನ್ನು ಕೇರಿಯ ಮಕ್ಕಳಿಗೆ ಕೊಟ್ಟಳು.

ಎಂಬತ್ತಾರರಲ್ಲಿ ಅವಳಿಗೂ ವರ್ಗದ ಆರ್ಡರು ಬಂತು, ಹುಲಿಹೈದರದ ಕಡೆಯ ಒಂದು ಸಣ್ಣ ದವಾಖಾನೆಗೆ. ಗಂಗಾವತಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ಕನಕಪ್ಪ ಗ್ಯಾಂಗಿನ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಟ್ರಂಕು ಹೊತ್ತುಕೊಂಡು ಗಂಗಾವತಿಯ ತನಕ ಬಂದ. ದಾರಿಯಲ್ಲಿ ಕಾಲುವೆ, ಹಸಿರು ಗದ್ದೆ, ತೆಲುಗು ಮಾತಾಡುತ್ತ ನಾಟಿ ಹಚ್ಚುವ ಹೆಂಗಸರು. "ನೀರ ಭಾಳ ಐತಲ್ಲ ಇಲ್ಲಿ" ಎಂದ ಅವನು. ಬಸ್ಸು ಬದಲಿಸುವಾಗ, "ಅಲ್ಲೇನು ಕೇಸು ಗೀಸು ಅನಬ್ಯಾಡ" ಎಂದು ಹೇಳಿದ, ಹೇಳಿದ ಮೇಲೆ ಅವಳ ಮುಖ ನೋಡಲಾರದೆ ಟ್ರಂಕನ್ನು ಸರಿಮಾಡುತ್ತ ನಿಂತ.

ಹೊಸ ದವಾಖಾನೆಯ ಡಾಕ್ಟರರು ವಯಸ್ಸಾದವರು, ಮೆತ್ತಗಿನ ಮಾತು. ಸರ್ವೀಸ್ ಪುಸ್ತಕ ತಿರುವುತ್ತ ಕೆಂಪು ಶಾಯಿಯ ಪುಟದಲ್ಲಿ ತಡೆದರು.

"ಕೋರ್ಟಿಗೆ ಹೋದಾಕಿ ನೀನ ಏನು?"

"ಹೌದ್ರಿ."

"ಯವ್ವಾ, ಇಲ್ಲಿ ಅಂಥಾದ್ದೇನಿಲ್ಲ. ನಾವು ಜಾತಿ ಪಾತಿ ನೋಡಂಗಿಲ್ಲ" ಎಂದರು. ನಿಜವಾಗಿಯೂ ಅವರಿಗೆ ಹಾಗೆಯೇ ಅನ್ನಿಸಿರಬೇಕು. ಮೇಜಿನ ಖಾನೆಯಿಂದ ಒಂದು ಬೀಗದ ಕೈ ತೆಗೆದು ಅವಳ ಮುಂದೆ ಇಟ್ಟರು. "ಹಿಂದಿನ ಪಾಯಖಾನಿದು. ಮೂರು ತಿಂಗಳಿಂದ ಹಂಗ ಬಿದ್ದೈತಿ, ಮಾಡೋರ ಇದ್ದಿದ್ದಿಲ್ಲ. ಇವತ್ತ ಶುರು ಮಾಡಿಬಿಡು."

ಹುಲಗಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹಿಂದಿನ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ನೀರಿನ ನಳ ಎಲ್ಲಿದೆ ಎಂದು ಕೇಳಲು ಅಲ್ಲಿ ಯಾರೂ ಕಾಣಲಿಲ್ಲ.